ಮೂರನೆಯ ಸ್ಲೈಡು

ಹಿಸ್ಟಾಲಜಿ ಲ್ಯಾಬಿನ ಬೀಗದ ಕೈ
ಚಿಕ್ಕಬೋರಣ್ಣನ ಸೊಂಟದಲ್ಲೇ ಇರುತ್ತಿತ್ತು,
ಹಿಂದೆ ಲಂಗೋಟಿಯ ಗಂಟು ಕೂರುತ್ತಿದ್ದ ಜಾಗದಲ್ಲಿ.
ನಜರಬಾದಿನ ಗರಡಿಯಲ್ಲಿ ಮಟ್ಟಿ ಮೆತ್ತಿಕೊಂಡು ಬೆಳೆದ ಆಳು.
ಕಿವಿಗಳೆರಡೂ ಒಣ ಅಂಜೂರದ ಹಾಗೆ ಮುದುಡಿದ್ದವು.
ಈಗ ಅಟೆಂಡರು. ಸ್ಲೈಡು ಒರೆಸುವುದು, ಫಾರ್ಮಲಿನ್ ತುಂಬುವುದು,
ನನ್ನಂಥ ಪೆದ್ದರಿಗಾಗಿ
ಐದರ ಮೇಲೂ ಬಾಗಿಲು ತೆರೆದಿಡುವುದು.

ನಾನು ಮದ್ದೂರಿನ ಕಡೆಯವಳು.
ಇಂಟರ್ನಲ್ಸಿನಲ್ಲಿ ಹೃದಯ ಕೊಟ್ಟರೆ ತೊಡೆ ಅಂದವಳು.
ಮೂರೂ ಗುಲಾಬಿ, ಮೂರರಲ್ಲೂ ನೇರಳೆ ಚುಕ್ಕಿ,
ಯಾವುದು ಯಾವುದೆಂದು ಗಾಜಿಗಾದರೂ ಗೊತ್ತೇ?

‘ಬಾರವ್ವ ಇಲ್ಲಿ’ ಎಂದು ಮೊದಲನೆಯದನ್ನು ಸಿಕ್ಕಿಸಿದ.
‘ಜಮಖಾನದ ಪಟ್ಟಿ ಥರ ಅಡ್ಡಗೆರೆ ಕಾಣ್ತವಾ?
ಈಗ ಚುಕ್ಕಿ ಎಲ್ಲವೆ ನೋಡು.’
ಅಂಚಿನಲ್ಲಿ, ಅಂದೆ.
‘ಅಂಚ್ನಲ್ಲೇ! ಕುಸ್ತಿ ನೋಡಕ್ ಬಂದೋರು
ಅಖಾಡದ ಒಳಗ್ ಕೂತ್ಕತಾರಾ?
ಒಂದೊಂದು ಎಳೆಗೂ ನೂರಾರು ಜನ, ಎಲ್ರೂ ದಂಡೆ ಮೇಲೆ.
ನಡುವೆ ಬರೀ ಎಳೆದಾಟ.
ಇವ್ನು ಹೇಳಿದ್ ಮಾತು ಕೇಳ್ತಾನೆ. ಏಳು ಅಂದ್ರೆ ಏಳ್ತಾನೆ,
ಸಾವ್ರ ಬೈಠಕ್ ಅಂದ್ರೆ ಹೊಡೀತಾನೆ.
ಆದ್ರೆ ಸುಸ್ತಾಯ್ತಾನೆ ಕಣವ್ವ. ಕೂರ್ಸಿಬುಟ್ರೆ
ಕರಗೋಯ್ತಾನೆ.’
ತನ್ನ ತೋಳನ್ನು ತಾನೇ ಒಮ್ಮೆ ಅದುಮಿ ನೋಡಿಕೊಂಡ.

ಎರಡನೆಯದನ್ನು ನನಗೇ ಬಿಟ್ಟ.
ಗೆರೆ ಇತ್ತು, ಮಸುಕಾಗಿ.
ಚುಕ್ಕಿ ನಡುವಿಗೆ ಬಂದಿತ್ತು, ಬಹುಮಟ್ಟಿಗೆ ಒಂದೊಂದೇ.
ಕೋಶ ಕವಲೊಡೆದು ಪಕ್ಕದ ಕೋಶವನ್ನು ಸೇರುತ್ತಿತ್ತು.
ಅರೆ, ಇದು ನಮ್ಮ ಗದ್ದೆಬಯಲಿನ ನಾಲೆ!
ಕವಲು, ಮರಿಗಾಲುವೆ,
ಅಲ್ಲಲ್ಲಿ ಅಡ್ಡಕ್ಕೆ ಕಡುಗಪ್ಪು ತೂಬು,
ಒಂದಕ್ಕೆ ಬಂದ ಸುದ್ದಿ ತೂಬಿನಿಂದ ತೂಬಿಗೆ ಹಾದು
ಇಡೀ ಬಯಲಿಗೆ ಒಂದೇ ಉಸಿರಲ್ಲಿ.
ಮೇಲೆಲ್ಲೋ ಒಬ್ಬ ನೀರುಗಂಟಿ,
ಯಾರ ಅಪ್ಪಣೆಗೂ ಕಾಯದೆ
ನಿಮಿಷಕ್ಕೆ ಎಪ್ಪತ್ತು ಸಲ ಎತ್ತಿ ಇಳಿಸುತ್ತಾನೆ,
ನಾನು ಹುಟ್ಟುವ ಮೊದಲಿನಿಂದಲೂ.

‘ಇವ್ನಿಗೆ ರಜ ಇಲ್ಲ’ ಅಂದ ಚಿಕ್ಕಬೋರಣ್ಣ.
‘ಗಾಯ ಆದ್ರೆ ತುಂಬ್ಕಳಲ್ಲ. ಕಲೆ ಉಳ್ಕತದೆ, ಅಷ್ಟೆ.’
ಅವನ ತಮ್ಮ ಆಟೋ ಸ್ಟ್ಯಾಂಡಿನಲ್ಲಿ
ಟೀ ಲೋಟ ಹಿಡಿದೇ ಹೋಗಿದ್ದ, ನಲವತ್ತೆಂಟಕ್ಕೆ.
ಅದನ್ನು ಹೇಳಿದ್ದು ಬೇರೆ ದಿನ.

ಮೂರನೆಯದರಲ್ಲಿ
ಗೆರೆಯಿಲ್ಲ. ಕವಲಿಲ್ಲ. ಎರಡು ತುದಿಯೂ ಚೂಪಾದ ಕದಿರುಗಳು
ಒಂದಕ್ಕೊಂದು ಒತ್ತಿ ಮಲಗಿದ್ದವು,
ಕುಕ್ಕರಹಳ್ಳಿ ಕೆರೆಯಲ್ಲಿ ಮರಿಮೀನು
ಒಂದೇ ಕಡೆ ಮುಖ ಮಾಡಿ ನಿಂತ ಹಾಗೆ.
ಅವನಿಗೆ ಗರಡಿಯ ಮಾತೇ ಸಿಗಲಿಲ್ಲ.
‘ಇವ್ನು ಅವ್ನೆ ಅಂತ್ಲೇ ಗೊತ್ತಾಗಲ್ಲ.
ಕರುಳಲ್ಲವ್ನೆ, ನಾಳದ ಗೋಡೇಲವ್ನೆ.
ನಿಮ್ಮವ್ವನ ಹೊಟ್ಟೆಯಿಂದ ನಿನ್ನ ತಳ್ಳಿದೋನೂ ಇವ್ನೇ.
ನಿಧಾನ. ಆದ್ರೆ ಹಿಡಿದ ಪಟ್ಟು ಬುಡಲ್ಲ.
ಇವ್ನಿಗೆ ಗದೆ ಕೊಟ್ಟೋರ್ನ ನಾನ್ ಕಾಣೆ.’

ಅಷ್ಟರಲ್ಲಿ ಇರ್ವಿನ್ ರಸ್ತೆಯಲ್ಲಿ ತಮಟೆ.
ಯಾವನೋ ಹುಡುಗ ಎಲ್ಲೋ ಗೆದ್ದಿರಬೇಕು,
ಹೆಗಲ ಮೇಲೆ ಹೊತ್ತು ತರುತ್ತಿದ್ದರು.
ಕಿಟಕಿಗೆ ಓಡಿದ್ದು ನಾನು.
ಚಿಕ್ಕಬೋರಣ್ಣ ಕತ್ತು ಕೂಡ ತಿರುಗಿಸಲಿಲ್ಲ,
ಕೈ ಕಟ್ಟಿ ನಿಂತೇ ಇದ್ದ,
ಸ್ಲೈಡಿನ ಪೆಟ್ಟಿಗೆಯ ಕಡೆ ನೋಡುತ್ತ.

ಆದರೆ ಮುಂಗೈ.
ಸಡಿಲ ಚರ್ಮ, ಹಳೇ ಹಚ್ಚೆ,
ನರೆತ ರೋಮ ಒಂದೊಂದಾಗಿ
ಬುಡದಿಂದ ಎದ್ದು ನಿಲ್ಲುತ್ತಿತ್ತು.
ಪ್ರತಿ ಕೂದಲಿನ ಕೆಳಗೂ ದಾರದ ತುಣುಕಿನಷ್ಟು ಸ್ನಾಯು,
ಗೆರೆಯಿಲ್ಲದ್ದು.
ಏಳು ಅಂತ ಅವನು ಹೇಳಿರಲಿಲ್ಲ.

ನಾನು ನೋಡಿದ್ದನ್ನು ನೋಡಿದ.
ಅಂಗಿಯ ತೋಳು ಕೆಳಗೆಳೆದುಕೊಂಡು,
‘ಲೈಟ್ ಆರ್ಸವ್ವ’ ಅಂದ,
‘ನಾಳೆ ಮೂರನೇದನ್ನ ಕೇಳೇ ಕೇಳ್ತಾರೆ.’