ಖಾಲಿ ತೂಕ

ಬೆಳಿಗ್ಗೆ ಬಂದವನೇ ಮೊದಲು ಕಾಟಾ ಸೊನ್ನೆ ಮಾಡಬೇಕು.
ರಾತ್ರಿ ಲಾರಿಗಳು ಉದುರಿಸಿದ ಮೆಕ್ಕೆಜೋಳ, ಮಣ್ಣು,
ನಟ್ಟನಡುವೆ ಮಲಗಿದ ಕಂದು ನಾಯಿ,
ಅದು ಇಪ್ಪತ್ತು ಕೆಜಿ, ಬಸುರಿದ್ದಾಗ ಮೂವತ್ತು ತೋರಿಸಿತ್ತು.
ಗುಡಿಸಿ, ಎಬ್ಬಿಸಿ, ಗುಂಡಿ ಒತ್ತಿದರೆ
ದಾವಣಗೆರೆಯ ಎಪಿಎಂಸಿ ಯಾರ್ಡು ತೂಕವಿಲ್ಲದೆ ನಿಲ್ಲುತ್ತದೆ
ಅರ್ಧ ನಿಮಿಷ.

ಆ ಅರ್ಧ ನಿಮಿಷಕ್ಕೇ ಬರುತ್ತಿದ್ದ ಜಬೀವುಲ್ಲಾ
ಭಾನುವಾರ ಭಾನುವಾರ,
ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವ ಹಳದಿ ಗಾಡಿಯಲ್ಲಿ.
ನಾಲ್ಕನೇ ಕೈಯಿಂದ ಕೊಂಡದ್ದು.
ಹಮಾಲರು ಬೀಡಿ ಮರೆತು ನೋಡುತ್ತಿದ್ದರು.

ಲಾರಿಗಳು ನನ್ನ ಹತ್ತಿರ ಎರಡು ಸಲ ಬರುತ್ತವೆ,
ತುಂಬಿಕೊಂಡು ಒಮ್ಮೆ, ಬರಿದಾಗಿ ಒಮ್ಮೆ.
ಇವನೊಬ್ಬ, ಬರಿದಾಗಿ ಬಂದು
ಮುಂದಿನ ವಾರ ಇನ್ನಷ್ಟು ಬರಿದಾಗಿ ಬರುವವನು.

ಸಾವಿರದ ಎಂಬತ್ತು ಮೊದಲ ಚೀಟಿ.
ಹಿಂದಿನ ಸೀಟು, ಸ್ಟೆಪ್ನಿ, ಜಾಕು ಅಟ್ಟಕ್ಕೆ ಹೋದವು: ಸಾವಿರದ ನಲವತ್ತು.
ನೆಲದ ಕಾರ್ಪೆಟ್ಟು, ಅದರಡಿ ಸದ್ದು ತಡೆಯಲು ಬಳಿದ ಡಾಂಬರು;
ಐಸ್ ಫ್ಯಾಕ್ಟರಿಯ ಗಡ್ಡೆ ಇಟ್ಟು ಬಿರುಕು ಬಿಡಿಸಿ
ಉಳಿಯಲ್ಲಿ ಎಬ್ಬಿಸಿದನಂತೆ ಎರಡು ರಾತ್ರಿ.
ಎಲ್ಲ ಸೇರಿ ಹನ್ನೊಂದು ಕೆಜಿ ಅಣ್ಣ, ಎಂದ.
ನನ್ನ ಕಾಟಾ ಹತ್ತರ ಭಾಷೆ ಬಿಟ್ಟು ಬೇರೆ ಆಡದು.
ಆ ಒಂದು ಕೆಜಿ ಎಲ್ಲಿ ಹೋಯಿತೆಂದು
ಅವನು ನನ್ನ ಕಿಟಕಿಯನ್ನೇ ನೋಡಿದ,
ನಾನು ಕದ್ದವನಂತೆ.

ಕಂಡ ಕಂಡ ಪಟ್ಟಿಗೆಲ್ಲ ತೂತು ಕೊರೆದ. ಉದುರಿದ ಉಕ್ಕಿನ ಸುರುಳಿ
ಪೊಟ್ಟಣ ಕಟ್ಟಿ ತಂದು ತೋರಿಸಿದ,
ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದ್ದನಂತೆ, ಮುನ್ನೂರ ನಲವತ್ತು ಗ್ರಾಂ.
ಎಸಿ ಕಿತ್ತ. ಬೆಣ್ಣೆ ದೋಸೆ ಬಿಟ್ಟ, ಒಂದು ವಾರ.
ಹಾರ್ನು, ವೈಪರು, ಬೆಲ್ಟು ಇದ್ದಲ್ಲೇ ಇದ್ದವು.
"ರಸ್ತೆ ಮೇಲೆ ಓಡೋ ಗಾಡಿ ಅಣ್ಣ, ಪೊಲೀಸ್ರು ಅದಾರೆ, ಎಮ್ಮೆ ಅದಾವೆ."
ಬ್ರೇಕಿನಿಂದ ಗುಲಗಂಜಿಯಷ್ಟೂ ತೆಗೆಯಲಿಲ್ಲ.
ಅದಕ್ಕೇ ನಾನವನನ್ನು ಹುಚ್ಚ ಅನ್ನಲಿಲ್ಲ.

ಅವನ ಮನೆಯವರು ತಕ್ಕಡಿ ಮುಟ್ಟಿದವರಲ್ಲ.
ಮಂಡಕ್ಕಿ ಭಟ್ಟಿ. ಅಲ್ಲಿ ಎಲ್ಲ ಸೇರಿನ ಲೆಕ್ಕ,
ತಲೆ ಸವರಿ ಅಳೆದು, ಮೇಲೊಂದು ಹಿಡಿ ಕೊಸರು.
ಆಳೆತ್ತರದ ಚೀಲವನ್ನು ಮಕ್ಕಳು ಒಂದೇ ಕೈಯಲ್ಲಿ ಎತ್ತುತ್ತವೆ.
ಹಗುರವನ್ನೇ ಮಾರಿ ಬದುಕಿದ ಮನೆಯಲ್ಲಿ ಹುಟ್ಟಿ
ಇವನಿಗೆ ಇನ್ನೆಷ್ಟು ಹಗುರ ಬೇಕಿತ್ತೋ.

ಎಡಗಡೆಯ ಸೀಟೂ ಹೋದ ದಿನ
ಒಂಬೈನೂರ ತೊಂಬತ್ತು.
ಮೂರೇ ಅಂಕಿ! ಚೀಟಿಯನ್ನು ಹಣೆಗೆ ಒತ್ತಿಕೊಂಡು ಹೆದ್ದಾರಿಗೆ ಹೋದ.
ಆನಗೋಡಿನ ಏರಿನಲ್ಲಿ ಗೇರು ಇಳಿಸಬೇಕಾಗಲೇ ಇಲ್ಲ, ಎಂದ ಸಂಜೆ.
ಒಳಗೆ ಮಾತ್ರ ಒಂದೊಂದು ಕಲ್ಲೂ ಕೇಳಿಸುತ್ತಿತ್ತಂತೆ,
ತಗಡಿನ ಡಬ್ಬಿಯಲ್ಲಿ ಕೂತು ಆಲಿಕಲ್ಲು ಎಣಿಸಿದ ಹಾಗೆ.

ಆಮೇಲೆ ಎರಡು ಭಾನುವಾರ ಬರಲಿಲ್ಲ.
ಮೂರನೆಯದಕ್ಕೆ ಬಂದು, ಎಂದಿನಂತೆ ಇಳಿದು ಕಿಟಕಿಗೆ ನಿಂತ.
ಸಾವಿರದ ಅರವತ್ತು.
ಎಪ್ಪತ್ತು ಹೆಚ್ಚು. ಟ್ಯಾಂಕು ತುಂಬಿಸಿದೆಯಾ ಎಂದೆ.
ಇಪ್ಪತ್ತು ಸೀಟು ಎಂದ. ಉಳಿದದ್ದು ಹೇಳಲಿಲ್ಲ.
ಹದಿನೆಂಟು ವರ್ಷ ಅಂಕಿ ಓದಿದ ಕಣ್ಣು ನನ್ನದು,
ಐವತ್ತು ಅಂದರೆ ಜೋಳದ ಚೀಲ.
ಬಗ್ಗಿ ನೋಡಿದೆ.

ಭಟ್ಟಿಯ ಖೈರುನ್‌ಬಿ.
ಮೂವತ್ತು ವರ್ಷ ಹೊಟ್ಟಿನ ಬೆಂಕಿಯ ಮುಂದೆ ಕಾದ ಮರಳು ತಿರುವಿದವಳು,
ರೆಪ್ಪೆಯಲ್ಲಿ ಕೂದಲು ಉಳಿಯದವಳು,
ಬೆಲ್ಟು ಬಿಗಿದುಕೊಂಡು, ಮಡಿಲಲ್ಲಿ ಬುತ್ತಿ ಡಬ್ಬಿ.
ದುರ್ಗದ ಗುಡ್ಡದ ಮೇಲೆ ಗಾಳಿ ಪಂಕ ತಿರುಗ್ತಾವಂತಲ್ಲ,
ಬುಡದಾಗ ನಿಂತು ನೋಡ್ಬೇಕು, ಅಂದಳು.
ಇಳಿಯಮ್ಮ, ತೂಕ ಆಗಲಿ ಅಂದರೆ
"ಕೂರಾದೇ ಒಂದು ಕೆಲ್ಸ ಆತು, ಇನ್ನು ಇಳಿಯಾದು ದುರ್ಗದಾಗೇ.
ಸೆಕೆ ನಮ್ಮ ಭಟ್ಟಿಯಂಗೇ ಐತೆ.
ಆದ್ರೆ ಇದು ಓಡ್ತೈತೆ."

ಚೀಟಿಯಲ್ಲಿ ಮೂರು ಮನೆ: ತುಂಬಿದ ತೂಕ, ಖಾಲಿ ತೂಕ, ನಿವ್ವಳ.
ಇಷ್ಟು ದಿನ ಅವನಿಗೆ ಒಂದೇ ಮನೆ ತುಂಬಿ ಕೊಡುತ್ತಿದ್ದೆ.
ಇವತ್ತು ಮೂರೂ ಬರೆದೆ. ನಿವ್ವಳ ಎಪ್ಪತ್ತು.
ಸರಕು ಎಂಬಲ್ಲಿ ಪೆನ್ನು ನಿಂತಿತು.
ಏನು ಬರೀಲಿ ಜಬೀ?

ಅವನು ತಲೆ ಕೆರೆದುಕೊಂಡ.
ಹಿಂದೆ ಹರಿಹರದ ಲಾರಿ ಹಾರ್ನು ಹೊಡೆಯಿತು.
ಗಾಡಿಯೊಳಗಿಂದ ಅವಳೇ ಕೂಗಿದಳು:
"ಮಂಡಕ್ಕಿ ಅಂತ ಬರಿ. ಕೊಸರು ಸೇರ್ಸಿ."

ಬರೆದೆ.
ಮೂವತ್ತು ರೂಪಾಯಿ ಕೇಳುವುದು ಮರೆತೆ.