ಮೂವತ್ತೊಂದು ಸಿ

ಮುಹರ್ರಕ್‌ನ ಈ ಓಣಿಯಲ್ಲಿ ಅಂಗಾತ ಮಲಗಿದರೆ
ವಿಮಾನಗಳ ಹೊಟ್ಟೆ ಎಣಿಸಬಹುದು.
ಕಾಲಿಗೆ ಪ್ಲಾಸ್ಟರು, ಕತ್ತಿಗೆ ಪಟ್ಟಿ.
ಈಗ ಹೋದದ್ದು ಢಾಕಾದ್ದು. ಇನ್ನು ಹತ್ತು ನಿಮಿಷಕ್ಕೆ
ಬೆಲ್ಟಿನ ದೀಪ ಆರುತ್ತದೆ, ಯಾವಳೋ ಒಬ್ಬಳು ಎದ್ದು
ಬಂಡಿಯ ಬ್ರೇಕು ತೆಗೆಯುತ್ತಾಳೆ.

ಫಾರಮ್ಮಿನಲ್ಲಿ ಒಂದು ಪ್ರಶ್ನೆ:
ಘಟನೆಯ ವೇಳೆ ನೀವು ಕುಳಿತಿರಲಿಲ್ಲ, ಯಾಕೆ?
ಎರಡು ಗೆರೆಯಷ್ಟು ಜಾಗ.

ಯಾಕೆಂದರೆ ಇಪ್ಪತ್ತೆಂಟರ ಕೂಸಿಗೆ ಹಾಲು ಬಿಸಿಯಾಗಬೇಕಿತ್ತು.
ಯಾಕೆಂದರೆ ಆಕಾಶ ಗುಡಿಸಿ ಸಾರಿಸಿದ ಹಾಗಿತ್ತು,
ಮೋಡ ಇದ್ದಿದ್ದರೆ ಯಾರಾದರೂ ಹೇಳುತ್ತಿದ್ದರು.
ಯಾಕೆಂದರೆ ಕೂರುವುದು ನನ್ನ ಕೆಲಸವಲ್ಲ,
ಕೂತುಕೊಳ್ಳಿ ಎನ್ನುವುದು.

ಮೊದಲು ಹಾರಿದ್ದು ಚಮಚಗಳು.
ಆಮೇಲೆ ಕಾಫಿ, ಹೂಜಿ ಬಿಟ್ಟು ನೆಟ್ಟಗೆ ಎದ್ದು ನಿಂತಿತು.
ಆಮೇಲೆ ನಾನು.
ಐವತ್ತಾರು ಕಿಲೋ ಎಂದು ವರ್ಷವರ್ಷವೂ ಬರೆದುಕೊಳ್ಳುತ್ತಾರಲ್ಲ,
ಅದರಲ್ಲಿ ಒಂದು ಗ್ರಾಮೂ ನನ್ನ ಬಳಿ ಇರಲಿಲ್ಲ.
ತಲೆ ಸೂರಿಗೆ ತಾಗಿದ ಸದ್ದು
ಪಕ್ಕದ ಮನೆಯ ಬಾಗಿಲು ಬಡಿದಂತೆ ಕೇಳಿಸಿತು.
ಇಳಿಯುವಾಗ ನಾನು ಮೊದಲು, ಬಂಡಿ ಆಮೇಲೆ,
ನನ್ನ ಪಾದದ ಮೇಲೆ.

ಎರಡನೇ ಸಲ ವಿಮಾನ ಕುಸಿದಾಗ ಮಾತ್ರ
ನಾನು ಮೇಲಕ್ಕೆ ಹೋಗಲಿಲ್ಲ.
ಮೂವತ್ತೊಂದು ಸಿ ನನ್ನ ಏಪ್ರನ್ನಿನ ಲಾಡಿಯನ್ನು
ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ.
ಗಾರೆ ತಿಂದುಹಾಕಿದ ಬೆರಳು, ಉಗುರಿನ ಸುತ್ತ ಬಿಳಿ.
ಅರ್ಧ ಗಂಟೆಯ ಹಿಂದೆ ಅವನಿಗೇ ಗದರಿದ್ದೆ,
ಬೆಲ್ಟು, ಬೆಲ್ಟು ಎಂದು; ಮೂರನೇ ಸಲ ನಗುವನ್ನೂ ಬಿಟ್ಟು.
ಅವನು ಏನೋ ಹೇಳುತ್ತಲೇ ಇದ್ದ ಬಂಗಾಳಿಯಲ್ಲಿ,
ಬೆದರಿದ ಹಸುವಿನ ಹತ್ತಿರ ಮಾತಾಡುವ ದನಿಯಲ್ಲಿ.

ಮನೆಯೊಡತಿ ಉಮ್ ಜಾಸಿಂ ಖರ್ಜೂರ ತಂದಳು.
ಮೇಜಿನ ಮೇಲಿದ್ದ ಹೆಸರಿನ ಬಿಲ್ಲೆ ತಿರುಗಿಸಿದಳು. ಮುತ್ತಮ್ಮ.
ಅರ್ಥ ಹೇಳಿದೆ. ಲೂಲೂ! ಎಂದು ತೊಡೆ ತಟ್ಟಿ ನಕ್ಕಳು.
ಅವಳ ಅಜ್ಜ ಮುತ್ತಿಗೆ ಮುಳುಗುತ್ತಿದ್ದನಂತೆ ಇದೇ ಕಡಲಲ್ಲಿ,
ಕಾಲಿಗೆ ಕಲ್ಲು, ಮೂಗಿಗೆ ಚಿಮಟಿ,
ಕಿವಿಯಲ್ಲಿ ರಕ್ತ. ಮೇಲೆ ದೋಣಿಯಲ್ಲಿ
ಹಗ್ಗ ಹಿಡಿದು ಎಳೆಯುವವನೊಬ್ಬ, ಸೈಬ್;
ಅವನು ಆಕಳಿಸುವ ಹಾಗೂ ಇಲ್ಲ.
ನಿನ್ನ ಸೈಬ್ ಯಾರು? ಕೇಳಿದಳು.

ಗಾಯಗೊಂಡ ಪ್ರಯಾಣಿಕರ ಪಟ್ಟಿ ಬಂದಿದೆ, ಹನ್ನೊಂದು ಹೆಸರು.
ಮೂವತ್ತೊಂದು ಸಿ ಅದರಲ್ಲಿಲ್ಲ.
ಮುಂಗೈ ಮೇಲಿನ ಲಾಡಿಯ ಬರೆ
ಗಾಯದ ಲೆಕ್ಕಕ್ಕೆ ಬರುವುದಿಲ್ಲ.

ವಿಮಾನ ಮೂರನೇ ದಿನವೇ ಹಾರಿತು,
ಸೂರಿನ ಹಲಗೆಯೊಂದನ್ನು ಬದಲಿಸಿದರಂತೆ.
ನನಗೆ ಎಂಟು ವಾರ, ಹಾರಾಟದ ಭತ್ಯೆಯಿಲ್ಲದೆ.
ಫಾರಮ್ಮಿನಲ್ಲಿ ಬರೆದೆ: ಕೆಲಸದಲ್ಲಿದ್ದೆ.
ಒಂದು ಗೆರೆ ಹಾಗೇ ಉಳಿಯಿತು.

ಏಪ್ರನ್ನು ಇನ್ನೂ ಒಗೆಯಲು ಹಾಕಿಲ್ಲ.
ಕಾಫಿಯ ಕಲೆ ಹೋದರೆ ಹೋಗಲಿ,
ಲಾಡಿಯಲ್ಲಿ ಆ ಎರಡು ಸುತ್ತಿನ ಮಡಿಕೆ ಇದೆ.