ಮೂರನೇ ಪದರ

ಬೈತಖೋಲ ಬಂದರು. ಜೂನ್ ಹದಿನೇಳು.
ಬಲೆ ಬಿಡಬಾರದ ದಿನಗಳು; ದೋಣಿಗಳೆಲ್ಲ ದಡ ಹತ್ತಿ
ಹೊಟ್ಟೆ ತೋರಿಸಿ ಮಲಗಿವೆ.
ತಗಡಿನ ಶೆಡ್ಡು, ಐಸ್ ಪೆಟ್ಟಿಗೆಯ ಮೇಲೆ ನನ್ನ ಲ್ಯಾಪ್‌ಟಾಪು,
ಲ್ಯಾಪ್‌ಟಾಪಿಗೊಂದು ಪ್ಲಾಸ್ಟಿಕ್ ಕೊಪ್ಪೆ.
ಪರದೆಯೊಳಗೆ ಮಾತ್ರ ಒಣ ಹವೆ.

ಅಲ್ಲೊಂದು ಚೌಕ: ಅಡಿಗೆ ಆರು ಮಿಲಿಮೀಟರ್ ಉಕ್ಕು,
ಮೇಲೆ ನಾಲ್ಕು ಕೂದಲೆಳೆ ದಪ್ಪದ ಬಣ್ಣ.
ಎರಡನ್ನೂ ಬಲೆಯಾಗಿ ಹೆಣೆದಿದ್ದೇನೆ.
ಬಣ್ಣದ ಕಡೆ ಶೆಟ್ಲಿಯೂ ನುಸುಳದಷ್ಟು ಸಣ್ಣ ಕಣ್ಣು,
ಉಕ್ಕಿನ ಆಳದಲ್ಲಿ ಇಸ್ವಾಣ ದಾಟಿ ಹೋಗುವಷ್ಟು ಸಡಿಲ.

ಲೇಸರಿನ ಒಂದು ಮಿಡಿತ:
ಸೆಕೆಂಡನ್ನು ಹತ್ತು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು.
ಕರಗಲಿಕ್ಕೂ ಪುರುಸೊತ್ತಿಲ್ಲದೆ ಬಣ್ಣದ ನೆತ್ತಿ
ಆವಿಯಾಗಿ ಹಾರುತ್ತದೆ,
ದೋಣಿಯಿಂದ ಜಿಗಿದವನು ದೋಣಿಯನ್ನೇ ಒದ್ದು ಹೋಗುವ ಹಾಗೆ.

ಒದೆತ ಕೆಂಪಾಗಿ ಕೆಳಗಿಳಿಯಿತು.
ಉಕ್ಕಿನ ಬೆನ್ನಿಗೆ ಬರೀ ಗಾಳಿ.
ಗಾಳಿಗೆ ತಾಗಿ ತಿರುಗಿ ಬರುವಾಗ ಅದು ನೀಲಿ,
ನೂಕಾಗಿ ಹೋದದ್ದು
ಎಳೆತವಾಗಿ ಬಂತು.
ಕಾಳಿಯ ಅಳಿವೆಯಲ್ಲಿ ಭರತಿ ತಂದಿಟ್ಟ ಚಪ್ಪಲಿಯನ್ನು
ಇಳಿತ ಬಂದು ಎಳೆದೊಯ್ಯುತ್ತದಲ್ಲ, ಅದೇ.
ನೂಕಿದಾಗ ಯಾವ ಬಣ್ಣವೂ ಬಿಡುವುದಿಲ್ಲ.

ಆದರೆ ಎಳೆದಾಗಲೂ ಬಿಡಲಿಲ್ಲ.
ಹನ್ನೊಂದು ಸಲ ಓಡಿಸಿದೆ.

ಪುಂಡಲೀಕ ತಾಂಡೇಲ ಹಿಂದೆ ನಿಂತಿದ್ದ.
ಮೂವತ್ತೆರಡು ವರ್ಷ ತುಕ್ಕು ಕುಟ್ಟಿ
ಎಡಗಿವಿಯನ್ನು ಸುತ್ತಿಗೆಗೆ ಕೊಟ್ಟವನು.
ಬಲಗಿವಿಯನ್ನು ನನ್ನತ್ತ ತಿರುಗಿಸಿ ಕೇಳಿದ:
“ಒಂದೇ ಬಣ್ಣವಾ ಬಾಯ್, ಇದರೊಳಗೆ?”

ಎದ್ದು ಹೋಗಿ ದೋಣಿಯ ಮೂತಿಗೆ ಬೆರಳ ಗೆಣ್ಣಿನಿಂದ ಬಡಿದ.
“ಮೇಲೆ ನೀಲಿ. ಅಡಿಗೆ ಹಸಿರು, ಹಿಂದಿನ ಮಾಲಕನದ್ದು.
ಹಸಿರಿನ ಅಡಿಗೆ ನನ್ನ ಹಳದಿ.
ಆಮೇಲೆ ರೆಡ್ ಆಕ್ಸೈಡು, ಆಮೇಲೆ ಕಬ್ಬಿಣ.”

ನಿನ್ನ ಹಳದಿ?

“ಹೆಸರು ಬರೆದವ ನಾನೇ. ಶಾಂತಾದುರ್ಗಾ.
ಅರ್ಕಾವತ್ತು ಬಿಟ್ಟುಹೋಯ್ತು.
ದುಗಾ, ದುಗಾ ಅಂತ ಬಂದರೆಲ್ಲ ಕರೆದು
ನಗಾಡಿದರು ಮೂರು ದಿನ.
ನಾಲ್ಕನೇ ದಿನ ಹಸಿರು ಬಳಿಸಿದರು.
ನನ್ನ ದುಡ್ಡು ಕೊಡಲಿಲ್ಲ.”

ನಾನು ಪದರಗಳನ್ನು ಒಂದೊಂದಾಗಿ ಸೇರಿಸಿದೆ.
ಮೂರನೆಯದಕ್ಕೆ ಅಂಟು ಎಷ್ಟು? ಪುಸ್ತಕದ ಅಂಕಿ ಇತ್ತು,
ಪುಸ್ತಕ ಈ ದೋಣಿಯನ್ನು ಕಂಡಿರಲಿಲ್ಲ.
ಕೇಳಿದೆ.
ಬಹಳ ಹೊತ್ತು ಮಳೆ ನೋಡಿ ಅವನೆಂದ:
“ಬರೆಯುವಾಗ ತಗಡು ಒದ್ದೆ ಇತ್ತು.
ಮರುದಿನ ಪೂಜೆ, ಮಾಲಕ ತಲೆ ಮೇಲೆ ನಿಂತಿದ್ದ.
ಬರ್ಕೋ, ಅರ್ಧ.”

ಅರ್ಧ ಎಂದು ಬರೆದೆ.
ಓಡಿಸಿದೆ.
ನೀಲಿ ಅಲೆ ಮೇಲೆ ಬಂದು, ಹಳದಿಯ ಬುಡ ಮುಟ್ಟಿ,
ಅಲ್ಲೇ, ಕೂದಲಿನಂಥದೊಂದು ಕಪ್ಪು ಗೆರೆ ಬಾಯಿ ತೆರೆಯಿತು.
ನಾನು ನಂಬಲಿಲ್ಲ. ಅವನ ನಂಬಿಕೆಯಷ್ಟರಿಂದ
ಮೆಗಾಪ್ಯಾಸ್ಕಲ್ ಹುಟ್ಟುತ್ತದೆಯೆ?

ಸಂಜೆ ಕರೆಂಟು ಬಂದಾಗ ಕನ್ನಡಕ ಹಾಕಿಕೊಂಡು
ಅಂಗೈಯಗಲ ಜಾಗಕ್ಕೆ ಬೆಳಕು ಹಾಯಿಸಿದೆವು.
ಚಟಚಟ, ಒಗ್ಗರಣೆಯ ಹಾಗೆ.
ಕೆಲವು ನೂರು ಮಿಡಿತ ಏನೂ ಇಲ್ಲ,
ಸುಟ್ಟ ಪ್ಲಾಸ್ಟಿಕ್ಕಿನ ನಾತ ಬಿಟ್ಟರೆ.
ಆಮೇಲೆ ಒಂದು ಹಪ್ಪಳ ಇಡಿಯಾಗಿ ಎದ್ದು
ಕೆಸರಿಗೆ ಬಿತ್ತು.

ಪುಂಡಲೀಕ ಹೆಕ್ಕಿ, ಲುಂಗಿಗೆ ಒರೆಸಿ, ಮಗುಚಿದ.
ಬೆನ್ನಲ್ಲಿ ಹಳದಿ ‘ಗಾ’, ಕನ್ನಡಿಯೊಳಗಿನಂತೆ ತಿರುವುಮುರುವು.
ಪಕ್ಕದ ಖಾಲಿ ಜಾಗಕ್ಕೆ ಉಗುರು ಊರಿ
“ಇಲ್ಲಿ,” ಎಂದ.
ಬೀಡಿಯ ಕಟ್ಟಿನ ಜೊತೆ ಜೇಬಿಗೆ ಹಾಕಿಕೊಂಡ.

ವರದಿಯಲ್ಲಿ ಬರೆದಿದ್ದೇನೆ: ಪದರ ಮೂರು, ಅಂಟು ಅರ್ಧ.
ಯಾಕೆಂದು ತುಂಬುವ ಕಾಲಮ್ಮು
ಆ ಸಾಫ್ಟ್‌ವೇರಿನಲ್ಲಿ ಇಲ್ಲ.

“ಈ ಸಲ ಹೆಸರು ಯಾರು ಬರೆಯೋದು?” ಕೇಳಿದ ಹೋಗುವಾಗ.
ಸ್ಟಿಕ್ಕರಂತೆ, ಅಂಕೋಲೆಯಿಂದ ಬರುತ್ತದಂತೆ.
ಬಲಗಿವಿ ಕೊಟ್ಟು ಕೇಳಿಸಿಕೊಂಡು, ನಕ್ಕ.
“ಅದಕ್ಕೆ ಎಷ್ಟು ಹಾಕ್ತೀ, ಅಂಟು?”